ಬಿರ್ಗಿತ್ತಾ ಅಜ್ಜಿಯ ಪಾಲಿನ ಸೇತುವೆ

ಸೊಲ್ಲೆಂಟುನಾ, ಸ್ವೀಡನ್, ಭಾನುವಾರ

ನಿವಾಸಿಗಳ ಸಂಘದ ಅಧ್ಯಕ್ಷ ಮಹಾಬಲೇಶ್ವರ ಅವರಿಗೆ,

ಮಧ್ಯಯುಗದಲ್ಲಿ ಇಲ್ಲಿಯ ಪ್ರತಿ ಮನೆಯವರೂ ಸೇತುವೆಯ ಒಂದೊಂದು ಭಾಗ ನೋಡಿಕೊಳ್ಳುತ್ತಿದ್ದರೆಂದು ಹೇಳಿ, ನಮ್ಮ ಬಡಾವಣೆಯ ಮರದ ಸೇತುವೆಯನ್ನೂ ಹಾಗೆಯೇ ಹಂಚಿದಿರಿ. ವಾಕರ್ ಹಿಡಿದು ನಡೆಯುವ ಬಿರ್ಗಿತ್ತಾ ಅಜ್ಜಿಯ ಭಾಗ ಕೊಳೆಯುತ್ತಲೇ ಇತ್ತು. ನಾವು ರಿಪೇರಿ ಮಾಡುತ್ತೇವೆಂದರೆ, "ಅದು ಅವರ ಪಾಲು ಕಣಮ್ಮ, ರೂಲ್ಸ್ ಅಂದ್ರೆ ರೂಲ್ಸ್" ಎಂದು ತಡೆದಿರಿ.

ಮೊನ್ನೆ ಅಲ್ಲೇ ಹಲಗೆ ಕುಸಿದು ಅಜ್ಜಿಯ ಸೊಂಟ ಮುರಿಯಿತು. ಆಂಬುಲೆನ್ಸ್ ಹೋದ ಮೇಲೆ ನೀವು ಫಿಕಾ ಬಿಡುವಿನ ಕಾಫಿ ಹೀರುತ್ತ, "ಪಾಪ, ಮೇಂಟೇನ್ ಮಾಡ್ಲಿಲ್ಲ ನೋಡಿ" ಎಂದಿರಿ.

ಇವತ್ತು ನಾನು, ನನ್ನ ಗಂಡ ಶೋಯೆಬ್ ಸೇರಿ ಅಲ್ಲಿ ಹೊಸ ಹಲಗೆ ಜೋಡಿಸಿದೆವು. ಆಸ್ಪತ್ರೆಯಿಂದ ಅಜ್ಜಿ ಫೋನ್ ಮಾಡಿ, "ಬೇರೆ ಯಾರೂ ಬೀಳಲಿಲ್ಲ ತಾನೇ?" ಎಂದು ಕೇಳಿದರು. ದಯವಿಟ್ಟು ನೀವೇ ಹೋಗಿ, ಅವರ ಮುಖ ನೋಡಿ ಉತ್ತರ ಹೇಳಿ.

ಇಂತಿ,
ಸಬ್ರೀನ್