ಕಪ್ಪೆಗಳ ಚಿತ್ರ ಮುಗಿಯಬಾರದು

ಕ್ಯೋಟೋ, 1943

ಮೇ 11
ಬೆಳಿಗ್ಗೆಯಿಂದ ಇಪ್ಪತ್ತೆರಡು ಹಾಳೆ ತಿದ್ದಿದೆ. ಹತ್ತು ನಿಮಿಷದ ಕಾರ್ಟೂನು, ಗದ್ದೆಯ ಕಪ್ಪೆಗಳದ್ದು. ಪ್ರಾಣಿಗಳು ಶಾಸ್ತ್ರಬದ್ಧವಾಗಿವೆಯೇ ಎಂದು ನೋಡುವುದು ನಿವೃತ್ತ ವಿಜ್ಞಾನ ಶಿಕ್ಷಕನಾದ ನನ್ನ ಕೆಲಸ. ಚಿತ್ರ ಬರೆಯುವ ಹಾರುಜಿ ನನ್ನ ಹಳೆಯ ವಿದ್ಯಾರ್ಥಿ. ಹಾರುವ ಬೆಳ್ಳಕ್ಕಿಯ ಕತ್ತನ್ನು ನೆಟ್ಟಗೆ ಚಾಚಿಬಿಟ್ಟಿದ್ದಾನೆ! ಕತ್ತು ಮಡಚಿ ಹಾರುವ ಹಕ್ಕಿ ಅದು. ಆ ಹಾಳೆಗಳಿಗೆಲ್ಲ ಕೆಂಪು ಗೀಟು; ಮತ್ತೆ ಬರೆಯಬೇಕು.
"ಜಗತ್ತೇ ಹೊತ್ತಿ ಉರೀತಿದೆ, ಮೇಷ್ಟ್ರಿಗೆ ಬೆಳ್ಳಕ್ಕಿ ಕತ್ತಿನ ಚಿಂತೆ!" — ಸ್ಟುಡಿಯೋ ಯಜಮಾನರ ಗೊಣಗಾಟ.

ಮೇ 14
ಹಾರುಜಿಯ ಹೆಂಡತಿ ಕಿನು ಮನೆಗೆ ಬಂದಿದ್ದಳು. ಕುಳಿತುಕೊಳ್ಳಲಿಲ್ಲ.
"ಈ ಚಿತ್ರ ಮುಗಿಯೋ ತನಕ ಅವರನ್ನ ಸೈನ್ಯಕ್ಕೆ ಕರೆಯಲ್ಲವಂತೆ ಮೇಷ್ಟ್ರೇ. ಮುಗಿದ ಮಾರನೇ ದಿನ ಕರೆ ಬರತ್ತೆ. ನೀವು ತಪ್ಪು ಹುಡುಕ್ತಾನೇ ಇರಿ. ನಾನು ಬಂದಿದ್ದು ಅವರಿಗೆ ಗೊತ್ತಾಗೋದು ಬೇಡ."
"ಇದ್ರೆ ಹುಡುಕ್ತೀನಮ್ಮ. ಇಲ್ಲದ್ದನ್ನ ಹುಟ್ಟಿಸೋಕಾಗಲ್ಲ," ಎಂದೆ.
ಹಾಗೇಕೆ ಹೇಳಿದೆನೋ...

ಜೂನ್ 2
ಮೂರು ದಿನಗಳಿಂದ ಒಂದು ತಪ್ಪೂ ಇಲ್ಲ. ಹಾರುಜಿ ಕಲಿತುಬಿಟ್ಟಿದ್ದಾನೆ. ಕಲಿಸಿದವನು ನಾನೇ! ಹೀಗಾದರೆ ಒಂದು ವಾರಕ್ಕೆ ಮುಗಿದೀತು. ಸಂಜೆ, ಸರಿಯಾದ ರೆಕ್ಕೆಯೊಂದಕ್ಕೆ ಕೆಂಪು ಗೀಟು ಎಳೆದೆ. ಮೂವತ್ತೇಳು ವರ್ಷಗಳ ವೃತ್ತಿಯಲ್ಲಿ ಮೊದಲ ಬಾರಿ.

ಜೂನ್ 3
ಹಾರುಜಿ ಎಲ್ಲರೆದುರು ಹಾಳೆ ಎತ್ತಿ ಹಿಡಿದ.
"ಇದರಲ್ಲಿ ತಪ್ಪೇನು ಮೇಷ್ಟ್ರೇ? ನೀವು ಹೇಳಿಕೊಟ್ಟ ಹಾಗೇ ಇದೆಯಲ್ಲ!"
"ತಪ್ಪು ಅಂದ್ರೆ ತಪ್ಪು."
"ಮೇಷ್ಟ್ರ ಕನ್ನಡಕಕ್ಕೆ ಇನ್ನೊಂದು ಕನ್ನಡಕ ಹಾಕ್ರಪ್ಪ," ಎಂದ ಬಣ್ಣ ತುಂಬುವವನು. ಎಲ್ಲರೂ ನಕ್ಕರು. ಹಾರುಜಿ ನಗಲಿಲ್ಲ. ನನ್ನ ಮುಖವನ್ನೇ ನೋಡಿದ — ಬಹಳ ಹೊತ್ತು.
ಯಜಮಾನರು ಕರೆಸಿ ಹೇಳಿದರು: "ಸರಿ ಇರೋದಕ್ಕೆ ಇನ್ನೊಂದು ಸಲ ಗೀಟು ಹೊಡೆದ್ರೆ, ನೀವು ಮನೇಲೇ ಇರಿ. ನಾನೇ ಒಪ್ಪಿಗೆ ಹಾಕ್ತೀನಿ."
ಇನ್ನು ದಾರಿಯಿಲ್ಲ.

ಜೂನ್ 7, ಬೆಳಿಗ್ಗೆ ಹತ್ತು
ಹಾರುಜಿಯ ಹೊಸ ಕಟ್ಟು. ಗೊದಮೊಟ್ಟೆ ಕಪ್ಪೆಯಾಗುವ ದೃಶ್ಯ. ಮುಂಗಾಲು ಮೊದಲು ಮೂಡಿದೆ! ಹಿಂಗಾಲು ಮೊದಲು ಬರುವುದನ್ನು ನನ್ನ ತರಗತಿಯ ಗಾಜಿನ ಭರಣಿಯಲ್ಲಿ ದಿನದಿನವೂ ನೋಡಿ ಬರೆದಿದ್ದವನು ಇವನು. ಅರವತ್ತು ಹಾಳೆ. ಅರವತ್ತರಲ್ಲೂ ಅದೇ ತಪ್ಪು, ಅತ್ಯಂತ ಅಚ್ಚುಕಟ್ಟಾಗಿ. ಯಾವ ಪುಸ್ತಕ ತೆರೆದರೂ ಯಜಮಾನರು ಒಪ್ಪಲೇಬೇಕು. ಹತ್ತು ದಿನ ಸಿಕ್ಕೀತು. ಆಮೇಲೆ?
ಹಾರುಜಿ ಬಾಗಿಲಲ್ಲಿ ನಿಂತಿದ್ದ.
"ನೋಡಿದ್ರಾ ಮೇಷ್ಟ್ರೇ?"
"ಅರವತ್ತೂ ತಪ್ಪು."
"ನಾನೆಂಥ ದಡ್ಡ, ಅಲ್ವಾ?"
"ಶತದಡ್ಡ," ಎಂದೆ. ಬೇರೇನು ಹೇಳಲಿ? ನಾನು ಕಲಿಸಿದ ಅಷ್ಟು ಮಂದಿಯಲ್ಲಿ ಇವನೇ —