ಸದ್ದೋ, ಸುದ್ದಿಯೋ

ಗ್ಯಾರೇಜಿನ ಮೇಜಿನಿಂದ,
ಜನವರಿ ೨೧, ಮಂಗಳವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಹೊಲಿಗೆಯ ನೋವು ಕಡಿಮೆಯಾಯಿತೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯೋ ಇಲ್ಲವೋ? ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲ, ಖಾರವಿಲ್ಲ ಎಂದು ಮೂಗು ಮುರಿದು ತಟ್ಟೆ ಸರಿಸಬೇಡ, ಈಗ ನೀನು ಉಣ್ಣುವುದು ನಿನ್ನೊಬ್ಬಳಿಗಲ್ಲ. ನಮ್ಮ ನಟ್ಟು ಹೇಗಿದ್ದಾಳೆ? ಹೆಸರಿಡುವ ತನಕ ನಾನು ಅವಳನ್ನು ನಟ್ಟು ಎಂದೇ ಕರೆಯುವವನು, ನೀನು ಎಷ್ಟು ಸಿಡಿಮಿಡಿಗೊಂಡರೂ ಸರಿ. ಗಾಡಿಯಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ, ಅದಿಲ್ಲದಿದ್ದರೆ ದೊಡ್ಡದು ಯಾವುದೂ ನಿಲ್ಲುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀಯ. ಪುಟ್ಟ ಮಕ್ಕಳ ವಾರ್ಡಿನಲ್ಲಿ ಫೋನು ತೆಗೆದರೆ ನರ್ಸಮ್ಮ ಕಣ್ಣು ಕೆಂಪು ಮಾಡುತ್ತಾಳೆ ಎಂದು ನೀನೇ ಹೇಳಿದ್ದೆ. ಅಲ್ಲದೆ ನನ್ನ ಫೋನೂ ಈಚೆಗೆ ಸರಿಯಿಲ್ಲ, ಎಲ್ಲರೂ ಬಾಯೊಳಗೆ ಅಕ್ಕಿ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಹಾಗಾಗಿ ಆಸ್ಪತ್ರೆಗೆ ಔಷಧಿ ತರುವ ವ್ಯಾನಿನವನ ಕೈಯಲ್ಲಿ ಈ ಕಾಗದ ಕಳುಹಿಸುತ್ತಿದ್ದೇನೆ. ಅವನ ವ್ಯಾನಿನ ಬ್ರೇಕು ಸರಿಮಾಡಿದವನು ನಾನು, ಇಲ್ಲ ಎನ್ನುವ ಧೈರ್ಯ ಅವನಿಗಿಲ್ಲ.

ಮೊದಲು ನೀನು ಕಾಯುತ್ತಿರುವ ಮಾತು ಹೇಳಿಬಿಡುತ್ತೇನೆ. ಗಾಡಿ ರೆಡಿ. ಗುರುವಾರ ನೀವಿಬ್ಬರೂ ಮನೆಗೆ ಬರುತ್ತೀರಿ. 'ಗುಡ್ಡದ ರಸ್ತೆಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ, ಮಗುವಿನ ತೂಕ ಇನ್ನೂ ಕಡಿಮೆ. ಗಾಡಿಯೊಳಗೆ ಉದ್ದಕ್ಕೂ ಒಂದೇ ಸಮ ಬೆಚ್ಚಗಿದ್ದರೆ ಕಳಿಸ್ತೀನಿ, ಇಲ್ಲಾಂದ್ರೆ ಇನ್ನೊಂದಷ್ಟು ದಿನ ಇಲ್ಲೇ ಇರಲಿ' ಎಂದು ಡಾಕ್ಟರು ಹೇಳಿದ್ದನ್ನು ನಮ್ಮ ಅಳಿಯ ಬಂದು ಒಪ್ಪಿಸಿದಾಗ ಅವನ ಮುಖ ನೋಡಬೇಕಿತ್ತು. ನೀನು ಆ ಮಾತು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ನೀನು ಗೋಡೆಗೆ ತಿರುಗಿದೆ ಎಂದರೆ ಏನರ್ಥ ಎಂದು ನನಗೆ ಗೊತ್ತು, ಹೆತ್ತವನು ನಾನು. ಅಳಿಯ ಬಾಡಿಗೆ ಗಾಡಿ ತರುತ್ತೇನೆಂದ. ತನ್ನ ಜೀವಮಾನವೆಲ್ಲ ಊರಿನವರ ಗಾಡಿ ಬಿಸಿ ಮಾಡಿಕೊಟ್ಟ ಅಜ್ಜ ಬದುಕಿರುವಾಗ ಮೊಮ್ಮಗಳು ಬಾಡಿಗೆಯ ಬಿಸಿಯಲ್ಲಿ ಮನೆಗೆ ಬರುವುದೇ? ಗಾಡಿ ಇಲ್ಲಿ ನಿಲ್ಲಿಸು, ಕೀಲಿ ಕೊಡು ಎಂದೆ.

ರೋಗ ಹೀಗಿತ್ತು. ಹೀಟರ್ ಹಾಕಿದರೆ ಒಂದಷ್ಟು ಹೊತ್ತು ಬಿಸಿಗಾಳಿ, ಆಮೇಲೆ ಯಾರೋ ಕಿಟಕಿ ತೆರೆದ ಹಾಗೆ ತಣ್ಣಗೆ. ಮತ್ತೆ ಮನಸ್ಸು ಬಂದರೆ ಬಿಸಿ. ಬೇಸಿಗೆಯಲ್ಲಿ ಏಸಿ ಹಾಕಿದಾಗಲೂ ನಡುವೆ ಬೆಚ್ಚನೆಯ ಗಾಳಿ ಬರುತ್ತಿತ್ತಂತೆ, ನಿನ್ನ ಗಂಡ ಅದನ್ನು ಬಿಸಿಲಿನ ಪ್ರಭಾವ ಎಂದುಕೊಂಡು ಸುಮ್ಮನಿದ್ದನಂತೆ! ಅವನು ಒಳ್ಳೆಯವನು, ಆದರೆ ಗಾಡಿಯ ವಿಷಯದಲ್ಲಿ ಹಸುಗೂಸು. ಇಂಥದ್ದನ್ನು ನೋಡಿದ ತಕ್ಷಣ ಗ್ಯಾಸ್ ತುಂಬಿಸಿ, ಥರ್ಮೋಸ್ಟಾಟ್ ಬದಲಿಸಿ ಎನ್ನುವವರು ಬೇಕಾದಷ್ಟಿದ್ದಾರೆ. ನಾನು ಹಾಗೆ ಹೋಗುವವನಲ್ಲ. ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂದು ಬೆನ್ನು ಹತ್ತಬೇಕು. ಇಂಜಿನ್ನು ತಣ್ಣಗಿದ್ದಾಗ ರೇಡಿಯೇಟರಿನ ನೀರು ನೋಡಿದೆ, ತುಂಬಿತ್ತು. ಆಮೇಲೆ ಇಂಜಿನ್ನು ಕಾಯಿಸಿ, ಅಲ್ಲಿಂದ ಒಳಗಿನ ಹೀಟರಿಗೆ ಬಿಸಿನೀರು ಒಯ್ಯುವ ಮತ್ತು ಮರಳಿ ತರುವ ಎರಡು ಪೈಪುಗಳನ್ನು ಮುಟ್ಟಿ ನೋಡಿದೆ. ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ ಹೀಟರಿನೊಳಗೆ ಕಸ ಕಟ್ಟಿದೆ ಎಂದು ಅರ್ಥ. ಎರಡೂ ಕೈ ಸುಡುವಷ್ಟು ಬಿಸಿ. ಅಂದರೆ ಬಿಸಿನೀರು ಬಾಗಿಲ ತನಕ ಬಂದು ನಿಂತಿದೆ, ಗಾಳಿ ಮಾತ್ರ ಅದನ್ನು ಮುಟ್ಟದೆ ಬರುತ್ತಿದೆ.

ಹಾಗಾದರೆ ತಪ್ಪು ಒಳಗಿನ ಬಾಗಿಲಿನದು. ಡ್ಯಾಷ್‌ಬೋರ್ಡಿನ ಹಿಂದೆ ಒಂದು ಪುಟ್ಟ ಪ್ಲಾಸ್ಟಿಕ್ ಬಾಗಿಲಿರುತ್ತದೆ ಮಗಳೇ, ಅದು ಒಂದು ಕಡೆ ವಾಲಿದರೆ ಗಾಳಿ ಹೀಟರಿನ ಮೇಲೆ ಹಾದು ಬರುತ್ತದೆ, ಇನ್ನೊಂದು ಕಡೆ ವಾಲಿದರೆ ಹೀಟರನ್ನು ತಪ್ಪಿಸಿಕೊಂಡು ಬರುತ್ತದೆ. ನೀನು ಬಿಸಿ-ತಂಪು ಹೆಚ್ಚುಕಡಿಮೆ ಮಾಡುವ ಗುಬುಟು ತಿರುಗಿಸಿದಾಗ ಆ ಬಾಗಿಲನ್ನು ಸರಿಸುವುದು ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಒಂದು ಮೋಟರು. ಆ ಮೋಟರನ್ನು ನಾನು ಯಾವತ್ತೂ ಬಿಚ್ಚಿ ಪರೀಕ್ಷಿಸಿದವನಲ್ಲ. ಕೆಳಗೆ ಅಂಗಾತ ಮಲಗಿ ಕಿವಿ ಕೊಡುತ್ತೇನೆ. ಜೇನಿನ ಹಾಗೆ ಗುಂಯ್ ಎಂದರೆ ಆರೋಗ್ಯ, ಟಿಕ್ ಟಿಕ್ ಎಂದರೆ ಒಳಗಿನ ಹಲ್ಲುಗಾಲಿ ಮುರಿದಿದೆ, ಏನೂ ಅನ್ನದಿದ್ದರೆ ಕರೆಂಟೇ ಬರುತ್ತಿಲ್ಲ. ನಿನ್ನೆ ಬೆಳಿಗ್ಗೆ ಅಳಿಯನನ್ನು ಸೀಟಿನಲ್ಲಿ ಕೂರಿಸಿ ಗುಬುಟು ತಿರುಗಿಸು ಎಂದೆ, ನಾನು ಮಲಗಿ ಕಿವಿಗೊಟ್ಟೆ. ನಿಶ್ಶಬ್ದ. ಸರಿ, ಕರೆಂಟು ಬರುತ್ತಿಲ್ಲ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ನಿನ್ನ ಗಂಡ ಬಗ್ಗಿ ನನ್ನ ಮುಖ ನೋಡಿ, 'ಮಾವ, ಸುದ್ದಿ ಬರ್ತಿಲ್ವಾ?' ಎಂದ. ಪಾಪ, ಕೈ ಇಲ್ಲಿದ್ದರೂ ಮನಸ್ಸೆಲ್ಲ ಆಸ್ಪತ್ರೆಯಲ್ಲೇ ಇದೆ ಎಂದುಕೊಂಡು, ಮಲಗಿದಲ್ಲಿಂದಲೇ ಅವನ ಮೊಣಕಾಲು ತಟ್ಟಿ, 'ಬರುತ್ತೆ ಕಣಪ್ಪಾ, ಒಳ್ಳೇದೇ ಬರುತ್ತೆ, ನೀನು ಧೈರ್ಯವಾಗಿರು' ಎಂದೆ. ಅವನು ತಲೆಯಾಡಿಸಿದ. ಅಲ್ಲಿಂದ ಶುರುವಾಯಿತು ನೋಡು ನನ್ನ ವನವಾಸ. ಫ್ಯೂಸು ನೋಡಿದೆ, ಚೆನ್ನಾಗಿತ್ತು. ಗುಬುಟಿನ ಪಟ್ಟಿಯನ್ನೇ ಕಿತ್ತು ಮೀಟರು ಹಿಡಿದೆ, ಚೆನ್ನಾಗಿತ್ತು. ವೈರನ್ನು ಹಾವಾಡಿಗನ ಹಾಗೆ ಒಂದೊಂದಾಗಿ ಎಳೆದು ನೋಡಿದೆ, ಎಲ್ಲದರಲ್ಲೂ ಕರೆಂಟು ಜಮ್ಮೆಂದು ಹರಿಯುತ್ತಿತ್ತು. ಮೋಟರಿನ ಬಾಯಿಯ ತನಕ ಕರೆಂಟು ಬಂದಿದೆ, ಮೋಟರು ಮಾತ್ರ ಮೌನವ್ರತ ಹಿಡಿದಿದೆ! ಇಂಥ ಹಟಮಾರಿ ಗಾಡಿಯನ್ನು ನಾನು ಕಂಡಿಲ್ಲ ಎಂದು ಬೈದುಕೊಂಡೇ ನಿನ್ನೆಯ ಇಡೀ ದಿನ ಕಳೆದೆ.

ಇವತ್ತು ಬೆಳಿಗ್ಗೆ ಅಳಿಯನನ್ನು ಮತ್ತೆ ಗುಬುಟು ತಿರುಗಿಸಲು ಕೂರಿಸಿಕೊಂಡಿದ್ದಾಗ ನಿಮ್ಮಮ್ಮ ಚಹಾ ತಂದಳು. ಲೋಟ ಕೊಟ್ಟು ಹೋಗುವವಳು ಗಾಡಿಯ ಬಾಗಿಲ ಹತ್ತಿರ ನಿಂತು, 'ರೀ, ಒಳಗೆ ಗಡಿಯಾರ ಏನಾದ್ರೂ ಬಿಟ್ಟಿದ್ದೀರಾ? ಟಿಕ್ ಟಿಕ್ ಅಂತಾ ಇದೆ' ಎಂದಳು. ಯಾವ ಗಡಿಯಾರ, ಎಲ್ಲಿಯ ಟಿಕ್ ಟಿಕ್ ಎಂದು ನಾನು ರೇಗಿದೆ. ಅವಳು ಗಾಡಿಯೊಳಗೆ ಕೂತು, ಡ್ಯಾಷ್‌ಬೋರ್ಡಿನ ಕೆಳಗೆ ತಡಕಾಡಿ, ನನ್ನ ಕೈ ಹಿಡಿದು ಬೆರಳನ್ನು ಮೋಟರಿನ ಮೇಲೆ ಇಟ್ಟಳು. ಬೆರಳ ತುದಿಯಲ್ಲಿ ಕುಟ್ ಕುಟ್ ಎಂದು ಅದು ಜಗ್ಗುತ್ತಿತ್ತು, ಬಿಡದೆ ಜಗ್ಗುತ್ತಿತ್ತು. ಆಗ ಅಳಿಯ ಮೆಲ್ಲಗೆ ಬಾಯಿಬಿಟ್ಟ. ಅವನು ನಿನ್ನೆ ಕೇಳಿದ್ದು 'ಮಾವ, ಸದ್ದು ಬರ್ತಿದೆ ಅಲ್ವಾ?' ಎಂದಂತೆ. ಸದ್ದು ಬಂದರೆ ಒಳ್ಳೆಯದೇ, ಧೈರ್ಯವಾಗಿರು ಎಂದು ಇಷ್ಟು ವರ್ಷದ ಅನುಭವಸ್ಥ ಮಾವನೇ ಹೇಳಿದ ಮೇಲೆ ತಾನು ಇನ್ನೇನು ಹೇಳಲಿ ಎಂದು ಬಾಯಿ ಮುಚ್ಚಿಕೊಂಡನಂತೆ! ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾವನ ಕಿವುಡು ಗೊತ್ತಾಗಲೂ ಬೆಳಗಾಗಬೇಕಾಯಿತು ಎಂದು ನಿಮ್ಮಮ್ಮ ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡು. ನೀನು ಆಸ್ಪತ್ರೆ ಸೇರಿದ ಮೇಲೆ ಅವಳು ಹಾಗೆ ನಕ್ಕದ್ದು ಇದೇ ಮೊದಲು.

ಆಮೇಲಿನದು ಹೂವೆತ್ತಿದಷ್ಟು ಸುಲಭ ಎಂದುಕೊಳ್ಳಬೇಡ. ಬಿಡಿಭಾಗದ ಅಂಗಡಿಯವನು ಆ ಮೋಟರು ಬರಲು ವಾರ ಬೇಕು ಎಂದ. ನಾನು ನೇರ ಗುಜರಿಗೆ ಹೋದೆ. ಹಿಂದಿನಿಂದ ಗುದ್ದಿಸಿಕೊಂಡು ಬಂದ ಇದೇ ಜಾತಿಯ ಗಾಡಿಯೊಂದು ಅಲ್ಲಿತ್ತು, ಮುಂಭಾಗ ಮದುಮಗಳ ಹಾಗೆ ನೆಟ್ಟಗಿತ್ತು. ಅದರ ಮೋಟರು ಬಿಚ್ಚಿ, ಬ್ಯಾಟರಿಗೆ ತಾಗಿಸಿ, ಈ ಸಲ ಕಿವಿಯಲ್ಲ, ಬೆರಳಿಟ್ಟು ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು. ಹಳೆಯದನ್ನು ಬಿಚ್ಚಿದರೆ ಒಳಗಿನ ಹಲ್ಲುಗಾಲಿಯ ಎರಡೋ ಮೂರೋ ಹಲ್ಲು ಉದುರಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು. ಹೊಸದನ್ನು ಕೂರಿಸುವಾಗ ಹಿಂದಿನ ಒಂದು ಸ್ಕ್ರೂ ನನ್ನ ದಪ್ಪ ಕೈಗೂ ಎಟುಕದು, ಅಳಿಯನ ಉದ್ದ ಕೈಗೂ ಎಟುಕದು. ಕೊನೆಗೆ ಬಳೆ ತೆಗೆದಿಟ್ಟು ಒಳಗೆ ಕೈ ಹಾಕಿದವಳು ನಿಮ್ಮಮ್ಮ. ಇಷ್ಟು ವರ್ಷ ಗ್ರೀಸಿನ ವಾಸನೆಗೇ ತಲೆನೋವು ಎನ್ನುತ್ತಿದ್ದವಳು ಸ್ಕ್ರೂ ಬಿಗಿಮಾಡಿ, 'ಇಷ್ಟೇನಾ ನಿಮ್ಮ ವಿದ್ಯೆ?' ಎಂದು ಕೈ ತೊಳೆಯಲು ಹೋದಳು.

ಮಧ್ಯಾಹ್ನ ಅಳಿಯ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಗುಡ್ಡದ ತುದಿಯ ತನಕ ಗಾಡಿ ಓಡಿಸಿಕೊಂಡು ಹೋಗಿ ಬಂದೆವು. ಹಿಂದೆ ನಟ್ಟು ಕೂರುವ ಪುಟ್ಟ ಸೀಟಿನಲ್ಲಿ ಕಂಬಳಿಯ ಗಂಟೊಂದನ್ನು ಇಟ್ಟು, ಪಕ್ಕದಲ್ಲಿ ನಿಮ್ಮಮ್ಮನ ಕೈಗೆ ಥರ್ಮಾಮೀಟರು ಕೊಟ್ಟು ಕೂರಿಸಿದ್ದೆ. ಹೋಗುವಾಗಲೂ ಬರುವಾಗಲೂ ಪಾದರಸ ಕದಲಲಿಲ್ಲ. ಇನ್ನೊಂದು ಮಾತು, ಗುರುವಾರ ಗಾಡಿಯಲ್ಲಿ ಹೀಟರಿನ ಜೊತೆಗೆ ಏಸಿಯ ಗುಂಡಿಯೂ ಹತ್ತಿ ಉರಿಯುತ್ತಿದ್ದರೆ ಮಗುವಿಗೆ ಥಂಡಿ ಎಂದು ಕೂಗಾಡಬೇಡ. ಎಲ್ಲರೂ ಮಾಡುವ ತಪ್ಪು ಅದು. ಏಸಿ ಗಾಳಿಯ ತೇವ ಹಿಂಡುತ್ತದೆ, ಹೀಟರು ಅದೇ ಗಾಳಿಯನ್ನು ಬಿಸಿ ಮಾಡುತ್ತದೆ, ಎರಡೂ ಸೇರಿದರೆ ಮಾತ್ರ ಗಾಜಿಗೆ ಮಂಜು ಕಟ್ಟದೆ ದಾರಿ ಕಾಣುತ್ತದೆ. ನಾನೂ ನಿಮ್ಮಮ್ಮನೂ ಇಷ್ಟು ವರ್ಷ ಸಂಸಾರ ಮಾಡಿದ್ದೂ ಹಾಗೆಯೇ. ನಮ್ಮಲ್ಲಿ ಏಸಿ ಯಾರು ಎಂದು ನೀನೇ ಊಹಿಸು.

ಹಾಗಾಗಿ ಬಟ್ಟೆಬರೆ ಕಟ್ಟಿಟ್ಟುಕೋ. ಗುರುವಾರ ಬಿಸಿಲೇರಿದ ಮೇಲೆ ನಾನೇ ಗಾಡಿ ತರುತ್ತೇನೆ. ನಿನ್ನನ್ನು ಹುಟ್ಟಿದಾಗ ಮನೆಗೆ ತಂದವನು ನಾನು, ನಿನ್ನ ಮಗಳನ್ನು ತರುವವನೂ ನಾನೇ. ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸು, ಅನುಮಾನವಿದ್ದರೆ ಬಂದು ಗಾಡಿಯೊಳಗೆ ಕೂತು ನೋಡಲಿ ಎಂದೂ ತಿಳಿಸು. ನಿನಗೂ ನಟ್ಟುವಿಗೂ ನೂರ್ಕಾಲ ಬೆಚ್ಚಗಿನ ಬಾಳು ಸಿಗಲಿ.

ನಿನ್ನ ಅಪ್ಪ,
ಗ್ಯಾರೇಜಿನ ಯಜಮಾನ (ಇದನ್ನು ನಿಮ್ಮಮ್ಮನಿಗೆ ತೋರಿಸಬೇಡ)

ಮತ್ತೆ ಬರೆದದ್ದು, ಬುಧವಾರ ಬೆಳಿಗ್ಗೆ: ವ್ಯಾನಿನವನು ಆಗಲಿಂದ ಹಾರ್ನ್ ಹೊಡೆಯುತ್ತಿದ್ದಾನೆ ಎಂದು ನಿಮ್ಮಮ್ಮ ಬಂದು ಹೇಳಿದಳು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನೇ ಗಾಡಿ ತರುತ್ತೇನೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ರಾತ್ರಿ ಊಟದ ಹೊತ್ತಿಗೆ ಈ ಕಾಗದವನ್ನು, ಸಹಿಯೊಂದನ್ನು ಬಿಟ್ಟು, ಅವಳಿಗೆ ಓದಿ ಹೇಳಿದೆ. ಆಗ ತಿಳಿಸಿದಳು. ನಿನ್ನೆ ಗುಡ್ಡದಿಂದ ಇಳಿಯುವಾಗ ತಿರುವಿನಲ್ಲಿ ಕಂಬಳಿಯ ಗಂಟು ಸೀಟಿನಿಂದ ಉರುಳಿ ಕೆಳಗೆ ಬಿತ್ತಂತೆ. ಬಗ್ಗಲು ಬೆಲ್ಟು ಬಿಡಲಿಲ್ಲವಂತೆ. 'ನಿಲ್ಸಿ, ನಿಲ್ಸಿ' ಎಂದು ಹಿಂದಿನಿಂದ ಕೂಗಿ ಕೂಗಿ ಅವಳ ಗಂಟಲು ಕಟ್ಟಿತಂತೆ. ನಾನು ಶಿಳ್ಳೆ ಹಾಕಿಕೊಂಡು ಓಡಿಸುತ್ತಲೇ ಇದ್ದೆನಂತೆ. ಆಗಲೇ ಏಕೆ ಹೇಳಲಿಲ್ಲ ಎಂದೆ. 'ನೀವು ಅಷ್ಟು ಖುಷಿಯಲ್ಲಿದ್ರಿ' ಎಂದಳು. ಮಗಳೇ, ಕಂಬಳಿಯಾದ್ದರಿಂದ ಆಯಿತು. ನಾಳೆ ನಿನ್ನ ಗಂಡ ಓಡಿಸುತ್ತಾನೆ, ನಿಮ್ಮಮ್ಮ ಜೊತೆಗೆ ಬರುತ್ತಾಳೆ, ನಾನು ಬರುವುದಿಲ್ಲ. ಪುಟ್ಟ ಸೀಟಿನ ಪಟ್ಟಿಗಳನ್ನು ಬೆಳಿಗ್ಗೆಯೇ ಬಿಚ್ಚಿ ಮತ್ತೆ ಕಟ್ಟಿ ಜಗ್ಗಿ ನೋಡಿದ್ದೇನೆ, ಇನ್ನು ಕದಲುವುದಿಲ್ಲ. ಕೆಟ್ಟದ್ದು ಕಿವಿ, ಕೈಯಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿಸದೆ ಬಿಡುವ ಅಭ್ಯಾಸ ನನಗಿಲ್ಲ, ಇವತ್ತೇ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಕಿವಿಗೆ ಹಾಕುವ ಯಂತ್ರ ಕೈಗೆ ಬರುವ ತನಕ ಒಂದು ಉಪಕಾರ ಮಾಡು. ನೀವು ಬಂದು ಇಳಿಯುವಾಗ ನಟ್ಟು ಅಳುತ್ತಿದ್ದರೆ ಸಮಾಧಾನ ಮಾಡಬೇಡ, ಹಾಗೇ ತಂದು ನನ್ನ ಕಿವಿಗೆ ಹಿಡಿ.