ಎಡಗೈಗೆ ಕಲಿಸಿದ ಜೋಕಿಮ್ ಸರ್‌ಗೆ

ಮಾನ್ಯ ಜೋಕಿಮ್ ಸರ್,

ಸುಭಾಷಿಣಿಯ ನಮಸ್ಕಾರಗಳು.

ನನ್ನ ಹೆಸರು ಕಂಡ ಕೂಡಲೇ ನೀವು ಈ ಕಾಗದವನ್ನು ಮಡಚಿಟ್ಟರೆ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ಆದರೆ ಒಂದೇ ಒಂದು ಸಾಲು ಓದಿ ಮಡಚಿ: ಹೋದ ಬುಧವಾರ ನಮ್ಮ ಠಾಣೆಯಲ್ಲಿ ಒಂದು ಅನಾಹುತ ಆಗಬೇಕಿತ್ತು, ಆಗಲಿಲ್ಲ, ಅದಕ್ಕೆ ನೀವು ಕಾರಣ.

ನಿಮಗೆ ಎರಡು ಸಲ ಫೋನ್ ಮಾಡಲು ಹೊರಟೆ. ನಂಬರು ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿಬಿಟ್ಟೆ. ಐದು ವರ್ಷ ಮಾತಾಡದವಳು ಫೋನಿನಲ್ಲಿ ಎಂತ ಹೇಳುವುದು? ನಿಮ್ಮ ಕಲ್ಯಾಣಪುರದ ವಿಳಾಸ ಸಿಕ್ಕಿತು. ಬರೆಯುವುದೇ ಒಳ್ಳೆಯದು ಎಂದುಕೊಂಡೆ. ಬರವಣಿಗೆಯಿಂದಲೇ ನಿಮಗೆ ನೋವು ಕೊಟ್ಟವಳು ನಾನು.

ನಾನು ಪ್ರೊಬೇಷನರಿ ಸಬ್‌ ಇನ್‌ಸ್ಪೆಕ್ಟರ್ ಆಗಿ ಜಿಲ್ಲೆಗೆ ಬಂದ ಹೊಸತು. ನೀವು ಆರ್ಮರರ್. ಮೂವತ್ತು ವರ್ಷ ಇಲಾಖೆಯ ಬಂದೂಕು ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಜೋಡಿಸಿ ಕೊಟ್ಟವರು. ಫೈರಿಂಗ್ ಪರೀಕ್ಷೆಗೆ ಮೊದಲು ಮೂರು ವಾರ ನಮ್ಮನ್ನು ನಿಮ್ಮ ಕೈಗೆ ಒಪ್ಪಿಸಿದ್ದರು. ಹುದ್ದೆಯಲ್ಲಿ ನಾನು ನಿಮಗಿಂತ ಮೇಲೆ ಎಂಬುದನ್ನು ನಾನು ಮರೆತಿರಲಿಲ್ಲ. ನೀವೂ ಮರೆತಿರಲಿಲ್ಲ. ಪ್ರತಿ ಮಾತಿಗೂ "ಮೇಡಂ" ಎನ್ನುತ್ತಿದ್ದಿರಿ.

ನನ್ನ ಕೈ ಚಿಕ್ಕದು ಸರ್. ಪಿಸ್ತೂಲಿನ ಹಿಡಿ ನನ್ನ ಅಂಗೈಯಲ್ಲಿ ಕೂರುತ್ತಲೇ ಇರಲಿಲ್ಲ. ಗುಂಡು ತುಂಬುವ ಮ್ಯಾಗಜಿನ್ ಬಿಡಿಸುವ ಬಟನ್ ಹಿಡಿಯ ಎಡಬದಿಯಲ್ಲಿ. ಬಲಗೈಯವರ ಹೆಬ್ಬೆರಳಿಗೆ ಹೇಳಿ ಮಾಡಿಸಿದ ಜಾಗ. ನನ್ನ ಬಲ ಹೆಬ್ಬೆರಳು ಅಲ್ಲಿಗೆ ಮುಟ್ಟಬೇಕಾದರೆ ಇಡೀ ಪಿಸ್ತೂಲನ್ನು ಕೈಯೊಳಗೆ ಹೊರಳಿಸಬೇಕಿತ್ತು. ಅದು ಸಾಲದೆಂಬಂತೆ ನಾನು ಹುಟ್ಟು ಎಡಚಿ. ಕಾರ್ಕಳದ ನಮ್ಮ ಮನೆಯಲ್ಲಿ ಅದು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಪ್ರಸಾದಕ್ಕೆ ಎಡಗೈ ಚಾಚಿದಾಗಲೆಲ್ಲ ಅಮ್ಮ ಮೆಲ್ಲಗೆ ಚಿವುಟುತ್ತಿದ್ದಳು. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಬರೆಯುವುದು, ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಗೆ ಬಂತು. ಅಕಾಡೆಮಿಯಲ್ಲೂ ಬಲಗೈಯಲ್ಲೇ ಗುಂಡು ಹಾರಿಸಿ, ಹೇಗೋ ಅಂಚಿನ ಮಾರ್ಕಿನಲ್ಲಿ ಪಾಸಾಗಿದ್ದೆ.

ಆ ಸೋಮವಾರ ನಿಮಗೆ ನೆನಪಿರಬಹುದು. ಫೈರಿಂಗ್ ರೇಂಜಿನಲ್ಲಿ ಇಪ್ಪತ್ತಮೂರು ಜನ ಸಾಲಾಗಿ ನಿಂತಿದ್ದೆವು. "ಮ್ಯಾಗಜಿನ್ ಹೊರಗೆ" ಎಂದಿರಿ. ಬಟನ್ನಿಗಾಗಿ ನಾನು ಪಿಸ್ತೂಲನ್ನು ಕೈಯಲ್ಲಿ ಹೊರಳಿಸಿದೆ. ನಳಿಗೆ ಬಲಕ್ಕೆ ತಿರುಗಿತು. ಪಕ್ಕದಲ್ಲಿ ನಿಂತಿದ್ದ ಕಾರ್ಲ್ಟನ್‌ನ ಮೊಣಕಾಲಿನ ಮೇಲೆ ಅದು ಹಾದುಹೋಯಿತು. ನನ್ನ ಬೆರಳು ಎಲ್ಲಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ನೀವು ಮೂರು ಹೆಜ್ಜೆಯಲ್ಲಿ ಬಂದು ನನ್ನ ಮಣಿಕಟ್ಟು ಹಿಡಿದು ನೆಲಕ್ಕೆ ಬಗ್ಗಿಸಿದಿರಿ.

"ಎಂತ ಮೇಡಂ ಇದು! ನೀವು ಎಡಚಿ ಅಲ್ವಾ? ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗಲೇ ನಾನು ನೋಡಿದ್ದೇನೆ. ಎಡಗೈಯಲ್ಲಿ ಹಿಡಿಯಿರಿ ಮಾರಾಯ್ರೆ, ಯಾರನ್ನಾದರೂ ಕೊಲ್ಲಬೇಡಿ!"

ಸಾಲಿನಲ್ಲಿದ್ದವರು ನಕ್ಕರು. ಅಮ್ಮ ಹದಿನೈದು ವರ್ಷ ಮುಚ್ಚಿಟ್ಟದ್ದನ್ನು ನೀವು ಒಂದೇ ಉಸಿರಿಗೆ ಊರಿಗೆಲ್ಲ ಹೇಳಿದಂತಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಾನು "ಎಡಚಿ ಮೇಡಂ" ಆಗಿದ್ದೆ.

ಅದರ ಮೇಲೆ ಮರುದಿನದ ಶಿಕ್ಷೆ. ಶಿಕ್ಷೆ ಎಂದೇ ಆಗ ತಿಳಿದಿದ್ದೆ. ಉಳಿದವರಿಗೆಲ್ಲ ಗುಂಡು ಕೊಟ್ಟಿರಿ, ನನಗೆ ಖಾಲಿ ಪಿಸ್ತೂಲು. ಶೆಡ್ಡಿನ ಗೋಡೆಗೆ ಮುಖಮಾಡಿ ನಿಲ್ಲಿಸಿ, "ದಿನಕ್ಕೆ ಇನ್ನೂರು ಸಲ ಮ್ಯಾಗಜಿನ್ ಹಾಕಿ, ತೆಗೆಯಿರಿ. ಕಣ್ಣು ಗೋಡೆಯ ಮೇಲೆ ಇರಲಿ, ಕೈಯ ಮೇಲೆ ಬೇಡ" ಎಂದಿರಿ. ಹೆಬ್ಬೆರಳು ತೋರುಬೆರಳಿನ ನಡುವಿನ ಕವೆ ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು, ನಳಿಗೆಯೂ ಮುಂಗೈಯ ಎಲುಬೂ ಒಂದೇ ಗೆರೆಯಲ್ಲಿರಬೇಕು ಎಂದು ನನ್ನ ಎಡಗೈಯನ್ನು ಮತ್ತೆ ಮತ್ತೆ ಸರಿಮಾಡಿದಿರಿ. ಹಾಗೆ ಹಿಡಿದಾಗ ಬಟನ್ ತಾನಾಗಿ ನನ್ನ ತೋರುಬೆರಳಿನ ಕೆಳಗೆ ಬಂತು. ಒತ್ತಿದರೆ ಮ್ಯಾಗಜಿನ್ ಜಾರಿ ಬಲ ಅಂಗೈಗೆ ಬೀಳುತ್ತಿತ್ತು.

"ನೋಡಿ ಮೇಡಂ, ಬಲಗೈಯವರು ಹೆಬ್ಬೆರಳಿನಲ್ಲಿ ಬಟನ್ ಒತ್ತುವಾಗ ಅವರ ತೋರುಬೆರಳು ಎಲ್ಲಿಗೆ ಬೇಕಾದರೂ ಹೋಗಬಹುದು. ನಿಮ್ಮದು ಬಟನ್ನಿನ ಮೇಲೆಯೇ ಉಂಟು. ಟ್ರಿಗರ್‌ಗೆ ಹೋಗುವ ಬೆರಳೇ ಬೇರೆ ಕೆಲಸದಲ್ಲಿದ್ದರೆ ಗುಂಡು ಹಾರುವುದು ಹೇಗೆ? ಎಡಚರಿಗೆ ಪಿಸ್ತೂಲು ಮಾಡುವ ಕಂಪನಿಯವನು ಎಂತದೂ ಕೊಡಲಿಲ್ಲ, ದೇವರು ಇದೊಂದು ಕೊಟ್ಟಿದ್ದಾನೆ."

ಎಷ್ಟು ಚೆನ್ನಾಗಿ ಹೇಳಿದ್ದಿರಿ! ಆ ಹೊತ್ತಿಗೆ ನನ್ನ ಕಿವಿಯಲ್ಲಿ ಇದ್ದದ್ದು ಹಿಂದಿನ ದಿನದ ನಗು ಮಾತ್ರ.

ನಾಲ್ಕನೇ ದಿನ ನಾನು ಮೇಲಿನವರಿಗೆ ನಿಮ್ಮ ಮೇಲೆ ದೂರಿನ ಅರ್ಜಿ ಬರೆದೆ. ಮಹಿಳಾ ಅಧಿಕಾರಿಯನ್ನು ಎಲ್ಲರೆದುರು ಅವಮಾನಿಸಿದ್ದಾರೆ, ನನಗೊಬ್ಬಳಿಗೆ ಗುಂಡು ಕೊಡದೆ ಭೇದ ಮಾಡಿದ್ದಾರೆ, ಕೆಳಗಿನ ಹುದ್ದೆಯವರಾಗಿದ್ದೂ ಕೈ ಹಿಡಿದಿದ್ದಾರೆ. ಒಂದೂವರೆ ಪುಟ. ಕಾರ್ಲ್ಟನ್‌ನ ಮೊಣಕಾಲಿನ ಸುದ್ದಿ ಅದರಲ್ಲಿ ಇರಲಿಲ್ಲ. ಮರೆತು ಬಿಟ್ಟದ್ದಲ್ಲ ಸರ್. ಬರೆಯಲು ಹೋದೆ, ಪೆನ್ನು ಎತ್ತಿದೆ, ಬಿಟ್ಟೆ.

ವಾರದೊಳಗೆ ನೀವು ರೇಂಜಿನಲ್ಲಿ ಕಾಣಲಿಲ್ಲ. ಸಾಮಾನಿನ ಸ್ಟೋರ್ ರೂಮಿಗೆ ಹಾಕಿದ್ದಾರೆ ಎಂದರು. ಅಂತಿಮ ಪರೀಕ್ಷೆಗೆ ಎಡಗೈಯಲ್ಲಿ ಹಾರಿಸಲು ನನಗೆ ಅನುಮತಿ ಬಂತು. ಅರ್ಜಿ ಕೊಟ್ಟದ್ದರಿಂದ ನ್ಯಾಯ ಸಿಕ್ಕಿತು ಎಂದು ಹೆಮ್ಮೆಪಟ್ಟೆ. ಒಳ್ಳೆಯ ಮಾರ್ಕು ಬಂತು. ಎಂಟು ತಿಂಗಳಿಗೆ ನೀವು ನಿವೃತ್ತರಾದಿರಿ. ಬೀಳ್ಕೊಡುಗೆಯ ದಿನ ನಾನು ಉಡುಪಿಯಲ್ಲೇ ಇದ್ದೆ. ಬರಲಿಲ್ಲ.

ಈಗ ಬುಧವಾರದ ಕಥೆ.

ಚುನಾವಣೆಯ ನೀತಿಸಂಹಿತೆ ಬಂದರೆ ಲೈಸೆನ್ಸಿನವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೆ ತಂದು ಇಡಬೇಕಲ್ಲ, ಅದು ನಡೆಯುತ್ತಿತ್ತು. ನಾನೀಗ ಕಾಪುವಿನ ಕಡೆ ಇದ್ದೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಿಸಿಲಿಯಾ ಬಾಯಿ ಎಂಬ ಎಪ್ಪತ್ತು ವರ್ಷದ ಹೆಂಗಸು ಮೊಮ್ಮಗಳನ್ನು ಕರೆದುಕೊಂಡು ಬಂದರು. ಗಂಡ ತೀರಿಕೊಂಡು ಐದು ತಿಂಗಳು. ತೋಟದ ಕಾವಲಿಗೆಂದು ಗಂಡನೇ ಯಾವ ಕಾಲದಲ್ಲೋ ಪಿಸ್ತೂಲಿನ ಲೈಸೆನ್ಸ್ ಮಾಡಿಸಿದ್ದರಂತೆ. ಸಿಸಿಲಿಯಾ ಬಾಯಿ ಕೈಚೀಲದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಪಿಸ್ತೂಲು.

"ಇದರಲ್ಲಿ ಎಂತದೂ ಇಲ್ಲ ಮೇಡಂ. ಅವರು ಎಲ್ಲ ತೆಗೆದಿಟ್ಟಿದ್ದಾರೆ. ನಾನು ಮುಟ್ಟಲೂ ಇಲ್ಲ."

ನಮ್ಮ ಹೆಡ್ ಕಾನ್‌ಸ್ಟೇಬಲ್ ದಾಮೋದರ್ ಅದನ್ನು ಕೈಗೆ ತೆಗೆದುಕೊಂಡರು. ಹದಿನೆಂಟು ವರ್ಷ ಸರ್ವಿಸಿನವರು, ಎಚ್ಚರದವರು. ಮೊದಲು ಮ್ಯಾಗಜಿನ್ ತೆಗೆಯಲು ಹೋದರು, ಸರಿಯೇ. ಆದರೆ ಅವರ ಹೆಬ್ಬೆರಳಿಗೆ ಬಟನ್ ಸಿಗಲಿಲ್ಲ. ಆ ಪಿಸ್ತೂಲಿನಲ್ಲಿ ಬಟನ್ ಇದ್ದರಲ್ಲವೇ ಸಿಗುವುದು! "ಇದೆಂತ ಮಾರಾಯ, ಇದರ ಬಟನ್ ಎಲ್ಲಿ ಉಂಟು?" ಎನ್ನುತ್ತ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಹಿಡಿಯನ್ನು ಬಿಗಿಯಾಗಿ ಅಮುಕಿದರು. ನಳಿಗೆ ಮೇಜಿನ ಮೇಲಿಂದ ಜಾರಿ ಗೋಡೆಯ ಬದಿಯ ಬೆಂಚಿನತ್ತ ಹೊರಳಿತು. ಆ ಬೆಂಚಿನಲ್ಲಿ ಮೊಮ್ಮಗಳು ತೃಷಾ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಆರು ವರ್ಷದ ಹುಡುಗಿ.

ಅವರ ಬೆರಳು ಟ್ರಿಗರ್‌ನ ಬಳೆಯೊಳಗೆ ಇತ್ತು ಸರ್. ಈ ಸಲ ನಾನು ಕಣ್ಣಾರೆ ಕಂಡೆ.

ಕಿರುಚಬೇಕೆನಿಸಿತು. ಕಿರುಚಿದರೆ ಅವರು ಬೆಚ್ಚಿಬೀಳುತ್ತಾರೆ. ನನ್ನ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ, ಸಣ್ಣಗೆ ಬಂತು. "ದಾಮೋದರ್, ಹಾಗೆಯೇ ನಿಲ್ಲಿ. ಬೆರಳು ಹೊರಗೆ ತೆಗೆಯಿರಿ. ಈಗ ನಳಿಗೆ ನೆಲಕ್ಕೆ." ಅವರು ಹೇಳಿದಂತೆಯೇ ಮಾಡಿದರು. ನಾನು ಎಡಗೈಯಲ್ಲಿ ಪಿಸ್ತೂಲು ತೆಗೆದುಕೊಂಡು, ಮೂಲೆಯ ಮರಳು ಬಕೆಟಿನ ಕಡೆ ಮುಖಮಾಡಿ ನಿಂತೆ.

ನೀವು ಒಂದು ದಿನ ಚಹಾದ ಹೊತ್ತಿನಲ್ಲಿ, ನನಗೆಂದು ಅಲ್ಲ, ಸುಮ್ಮನೆ ಹೇಳಿದ್ದಿರಿ: "ಹಳೆಯ ಮಾಲುಗಳಲ್ಲಿ ಬಟನ್ ಇರುವುದಿಲ್ಲ. ಹಿಡಿಯ ಬುಡದಲ್ಲಿ, ಹಿಂಬದಿಗೆ, ಒಂದು ಕೊಕ್ಕೆ ಉಂಟು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆ ತಳ್ಳಬೇಕು. ಅದಕ್ಕೆ ಎಡ ಬಲ ಎಂಬ ಭೇದವೇ ಇಲ್ಲ." ಬಲ ಹೆಬ್ಬೆರಳನ್ನು ಹಿಡಿಯ ಬುಡಕ್ಕೆ ತಂದೆ. ಕೊಕ್ಕೆ ಇತ್ತು. ತಳ್ಳಿದೆ. ಮ್ಯಾಗಜಿನ್ ಹೊರಬಂತು.

ಖಾಲಿ. ಒಂದು ಗುಂಡೂ ಇರಲಿಲ್ಲ.

ದಾಮೋದರ್ ದೊಡ್ಡ ಉಸಿರು ಬಿಟ್ಟು ನಕ್ಕರು. "ಖಾಲಿ ಮೇಡಂ! ಸುಮ್ಮನೆ ಹೆದರಿಸಿಬಿಟ್ಟಿರಿ." ಸಿಸಿಲಿಯಾ ಬಾಯಿಯೂ "ನಾನು ಹೇಳಲಿಲ್ಲವಾ" ಎಂದರು. ನಾನೂ ನಕ್ಕೆ ಸರ್. ಪಿಸ್ತೂಲನ್ನು ಮೇಜಿನ ಮೇಲಿಡಲು ತಿರುಗಲಿಕ್ಕೂ ಹೊರಟಿದ್ದೆ. ಆದರೆ ಕೈ ಒಪ್ಪಲಿಲ್ಲ. ಇನ್ನೂರು ಸಲದಲ್ಲಿ ಒಂದು ಸಲವೂ ನೀವು ನನ್ನನ್ನು ಮ್ಯಾಗಜಿನ್ ತೆಗೆದಲ್ಲಿಗೆ ನಿಲ್ಲಲು ಬಿಟ್ಟಿರಲಿಲ್ಲ. "ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್, ಆಮೇಲೆ ನಳಿಗೆಯ ಬುಡಕ್ಕೆ ಕಣ್ಣು, ಆಮೇಲೆ ಕಿರುಬೆರಳು. ಮ್ಯಾಗಜಿನ್ ಬಂತೆಂದು ಪಿಸ್ತೂಲು ಖಾಲಿ ಎಂದುಕೊಂಡ ಇಬ್ಬರ ಮನೆಗೆ ನಾನು ಸಾವಿಗೆ ಹೂವು ತೆಗೆದುಕೊಂಡು ಹೋಗಿದ್ದೇನೆ."

ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆದೆ. ತುಕ್ಕಿಗೆ ಕಚ್ಚಿ ಕೂತಿತ್ತು, ಬರಲಿಲ್ಲ. ಪೂರ್ತಿ ಬಲ ಹಾಕಿ ಇನ್ನೊಮ್ಮೆ ಎಳೆದೆ. ನಳಿಗೆಯ ಬುಡದಲ್ಲಿ ಉಳಿದಿದ್ದ ಒಂದು ಗುಂಡು ಟಕ್ಕೆಂದು ಹೊರಗೆ ಚಿಮ್ಮಿ, ನೆಲದ ಮೇಲೆ ಉರುಳುತ್ತ ಹೋಗಿ ಬೆಂಚಿನ ಕಾಲಿಗೆ ತಾಗಿ ನಿಂತಿತು. ಹಿತ್ತಾಳೆಗೆ ಹಸಿರು ಬಂದ ಹಳೆಯ ಗುಂಡು.

ದಾಮೋದರ್ ಗೋಡೆ ಹಿಡಿದುಕೊಂಡರು. ಮೊದಲು ಮಾತಾಡಿದವಳು ತೃಷಾ. "ಅಜ್ಜಿ, ಇದು ನಾನು ಮನೆಯಲ್ಲಿ ತೆರೆದು ನೋಡಿದ ಡಬ್ಬ. ಬಿಸ್ಕತ್ ಇರಲಿಲ್ಲ, ಅದಕ್ಕೆ ಮುಚ್ಚಿಟ್ಟೆ."

ಸಿಸಿಲಿಯಾ ಬಾಯಿ ಕುರ್ಚಿಯಿಂದ ಕೆಳಗಿಳಿದು ನೆಲದಲ್ಲೇ ಕೂತು ಆ ಮಗುವನ್ನು ತಬ್ಬಿಕೊಂಡರು. ಅತ್ತರು, ಏಸುವನ್ನು ಕರೆದರು, ಸತ್ತ ಗಂಡನಿಗೆ ಬೈದರು. ನಾನು ಅವರ ಪಕ್ಕದಲ್ಲಿ ಯೂನಿಫಾರ್ಮ್‌ನಲ್ಲೇ ನೆಲಕ್ಕೆ ಕೂತೆ. ಎದೆಯಲ್ಲಿ ಎಂತಹ ಹಗುರ ಎಂದು ಹೇಗೆ ಬರೆಯಲಿ! ಮಗು ಕಣ್ಣೆದುರು ಇತ್ತು, ಅಜ್ಜಿಯ ಸೆರಗಿನಲ್ಲಿ ಉಸಿರುಕಟ್ಟಿ "ಬಿಡು ಅಜ್ಜಿ" ಎನ್ನುತ್ತಿತ್ತು.

ವರದಿ ಕೊಡಲು ಶುಕ್ರವಾರ ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿ ಗ್ಲೋರಿಯಾ ಮೇಡಂ ಇದ್ದಾರಲ್ಲ, ಹಳೆಯ ಕಡತಗಳನ್ನು ನೋಡಿಕೊಳ್ಳುವವರು. ಐದು ವರ್ಷ ಹಿಂದಿನ ನನ್ನ ಅರ್ಜಿ ನೋಡಬೇಕಿತ್ತು ಎಂದೆ. ಸಾಹೇಬರನ್ನು ಕೇಳಿ ಬಂದು ತೆಗೆದುಕೊಟ್ಟರು. ನನ್ನ ಒಂದೂವರೆ ಪುಟದ ಹಿಂದೆ ನಿಮ್ಮ ಉತ್ತರ ಇತ್ತು. ಆರು ಸಾಲು. ಬಾಯಿಪಾಠ ಆಗಿದೆ ನನಗೆ.

"ಮೇಡಂ ಅವರು ಬರೆದದ್ದು ಸತ್ಯ. ಎಲ್ಲರೆದುರು ಹಾಗೆ ಹೇಳಿದ್ದು ನನ್ನ ತಪ್ಪು. ಬದಿಗೆ ಕರೆದು ಹೇಳಬೇಕಿತ್ತು. ಇನ್ನೂರು ಸಲ ಮಾಡಿಸಿದ್ದು ತಪ್ಪಲ್ಲ, ಅದನ್ನು ಅವರು ಮುಗಿಸುವುದು ಒಳ್ಳೆಯದು. ನಾನಿದ್ದರೆ ಅವರಿಗೆ ಮುಜುಗರ, ಆದ್ದರಿಂದ ನನ್ನನ್ನು ಸ್ಟೋರಿಗೆ ಹಾಕಬೇಕು. ಪರೀಕ್ಷೆಯಲ್ಲಿ ಎಡಗೈಯಲ್ಲಿ ಹಾರಿಸಲು ಅವರಿಗೆ ಅನುಮತಿ ಕೊಡಬೇಕಾಗಿ ವಿನಂತಿ."

ಕಾರ್ಲ್ಟನ್‌ನ ಮೊಣಕಾಲಿನ ಮಾತು ಅಲ್ಲಿಯೂ ಇರಲಿಲ್ಲ. ನೀವು ಅದೊಂದು ಸಾಲು ಬರೆದಿದ್ದರೆ ಅರ್ಜಿ ನನ್ನ ಮೇಲೆಯೇ ತಿರುಗುತ್ತಿತ್ತು, ಪ್ರೊಬೇಷನ್ ಮುಂದಕ್ಕೆ ಹೋಗುತ್ತಿತ್ತು. ನಾನು ನಾಚಿಕೆಗೆ ಬಿಟ್ಟ ಸಾಲನ್ನು ನೀವು ನನಗಾಗಿ ಬಿಟ್ಟಿರಿ. ನಾನು ಗೆದ್ದೆ ಎಂದುಕೊಂಡಿದ್ದ ಅನುಮತಿಯೂ ನೀವು ಕೇಳಿ ಕೊಡಿಸಿದ್ದು.

ಗ್ಲೋರಿಯಾ ಮೇಡಂ ಇನ್ನೊಂದು ಮಾತು ಹೇಳಿದರು: ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಇದರ ಒಂದು ಅಕ್ಷರವೂ ಇಲ್ಲ, ಪಿಂಚಣಿಗೆ ತೊಂದರೆ ಬಂದದ್ದಿಲ್ಲ. ಕಚೇರಿಯ ಜಗಲಿಗೆ ಬಂದೆ. ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಂದು ಹೇಳಿಕೆ ಬರೆದುಕೊಟ್ಟೆ. ಆ ದಿನ ನನ್ನ ಪಿಸ್ತೂಲಿನ ನಳಿಗೆ ಯಾರ ಮೇಲೆ ಹಾದುಹೋಗಿತ್ತು, ನೀವು ಯಾಕೆ ಕೈ ಹಿಡಿದಿರಿ, ಎಲ್ಲ. ಸಾಹೇಬರು ಓದಿ, "ಈಗ ಯಾಕೆ ಇದೆಲ್ಲ?" ಎಂದರು. "ಕಡತದಲ್ಲಿ ಇರಲಿ ಸರ್" ಎಂದೆ. ನನ್ನ ಮುಖ ನೋಡಿ, ಸಹಿ ಹಾಕಿದರು. ಠಾಣೆಗಳಿಗೆ ಬಂದು ಬೀಳುವ ಹಳೆಯ ಕೋವಿಗಳನ್ನು ಖಾಲಿ ಮಾಡುವುದು ಹೇಗೆಂದು ಎಲ್ಲರಿಗೂ ಒಂದು ದಿನದ ತರಬೇತಿ ಮಾಡೋಣ ಎಂದರು. ಯಾರನ್ನು ಕರೆಯುವುದು ಎಂದು ಕೇಳಿದಾಗ ನಾನು ಹೇಳಿದ ಹೆಸರು ಯಾವುದೆಂದು ನಿಮಗೆ ಬರೆಯಬೇಕಾಗಿಲ್ಲ. ದಾಮೋದರ್ ಈಗಲೇ ಹೇಳಿದ್ದಾರೆ, ಮೊದಲ ಸಾಲಿನಲ್ಲಿ ಅವರೇ ಕೂರುತ್ತಾರಂತೆ.

ಜೋಕಿಮ್ ಸರ್, ತಪ್ಪಾಯಿತು. ಇದನ್ನು ನಿಮ್ಮ ಎದುರು ನಿಂತು ಹೇಳಬೇಕು. ಬರುವ ಭಾನುವಾರ ನೀವು ಇಗರ್ಜಿಯ ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ, ಹತ್ತೂವರೆಗೆ ಬರುತ್ತೇನೆ. ಸಿಸಿಲಿಯಾ ಬಾಯಿಯೂ ತೃಷಾಳನ್ನು ಕರೆದುಕೊಂಡು ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ನಿಮಗೆ ನಮ್ಮನ್ನು ನೋಡುವ ಮನಸ್ಸಿಲ್ಲದಿದ್ದರೆ ಒಂದು ಮಾತು ಹೇಳಿಕಳಿಸಿ, ತೊಂದರೆ ಕೊಡುವುದಿಲ್ಲ. ಏನೂ ಹೇಳದಿದ್ದರೆ ಬಂದೇ ಬರುತ್ತೇವೆ.

ದೇವರು ನಿಮಗೂ ಮನೆಯವರಿಗೂ ಗಟ್ಟಿ ಆರೋಗ್ಯ, ದೀರ್ಘ ಆಯುಷ್ಯ ಕೊಡಲಿ. ನನ್ನನ್ನು ಆಶೀರ್ವದಿಸಿ.

ನಿಮ್ಮ ವಿದ್ಯಾರ್ಥಿನಿ,
ಸುಭಾಷಿಣಿ